ತಿಥಿ ತಿಳಿಸುವ ಕೆಲಸವನ್ನು ಫೋನಿಗೆ ಒಪ್ಪಿಸಿದ್ದು

ಮೈಸೂರಿನಲ್ಲಿ ಶಾಸನಗಳ ಕಾಲನಿರ್ಣಯ ಮಾಡುತ್ತ ನಿವೃತ್ತನಾದವನು ನಾನು. ಶಕವರ್ಷ, ಸಂವತ್ಸರ, ತಿಥಿ, ವಾರ ಇವು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರೀಕ್ಷಿಸುವುದೇ ನನ್ನ ವೃತ್ತಿಯಾಗಿತ್ತು. ಹೆಂಡತಿಯೊಡನೆ ಕೆನಡಾದ ಟೊರೊಂಟೊ ಬಳಿಯ ಸ್ಟ್ರೀಟ್ಸ್‌ವಿಲ್‌ಗೆ ಬಂದು ನೆಲೆಸಿದ ಮೇಲೆ ಆ ವಿದ್ಯೆ ಬೇರೊಂದು ರೀತಿಯಲ್ಲಿ ಉಪಯೋಗಕ್ಕೆ ಬಂತು. ಹಿರಿಯರ ಶ್ರಾದ್ಧ ನಡೆಯುವುದು ಅವರು ತೀರಿಕೊಂಡ ತಿಥಿಗೆ. ತಿಥಿ ಪ್ರತಿ ವರ್ಷ ಬೇರೆ ತಾರೀಖಿಗೆ ಬೀಳುತ್ತದೆ. ಊರಿನ ಪಂಚಾಂಗ ಹೇಳುವ ದಿನವೇ ಟೊರೊಂಟೊದ ದಿನವೂ ಆಗಬೇಕೆಂದಿಲ್ಲ. ಪರಿಚಯದ ಹನ್ನೊಂದು ಮನೆಗಳ ತಿಥಿಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಇಲ್ಲಿನ ಸಮಯಕ್ಕೆ ಗಣಿಸಿ, ವಾರ ಮೊದಲೇ ಫೋನು ಮಾಡಿ ತಿಳಿಸುತ್ತಿದ್ದೆ.

2016ರಲ್ಲಿ ನಮ್ಮ ಲೈಬ್ರರಿಯಲ್ಲಿ ಹಿರಿಯರಿಗಾಗಿ ಒಂದು ತರಗತಿ ನಡೆಯಿತು. ಒಂದು ಸಾಲು ಪ್ರೋಗ್ರಾಮನ್ನೂ ಬರೆಯದೆ ದಿನನಿತ್ಯದ ಕೆಲಸಗಳನ್ನು ಫೋನಿಗೆ ಒಪ್ಪಿಸುವುದು ಹೇಗೆಂಬುದು ಅದರ ವಿಷಯ. ಇಂಥದ್ದು ನಡೆದರೆ ಇಂಥದ್ದನ್ನು ಮಾಡು ಎಂದು ಎರಡು ಚೌಕಗಳನ್ನು ಜೋಡಿಸಿದರೆ ಸಾಕು. ನಾನು ಮೂರು ವಾರ ಹೋದೆ. ಅಂತರ್ಜಾಲದಲ್ಲಿ ದೊರೆತ, ಟೊರೊಂಟೊಗೆಂದೇ ಗಣಿಸಿದ ಪಂಚಾಂಗವೊಂದನ್ನು ನನ್ನ ಕ್ಯಾಲೆಂಡರಿಗೆ ಸೇರಿಸಿದೆ. ಯಾವ ಮನೆಗೆ ಯಾವ ತಿಥಿಯೆಂದು ಪಟ್ಟಿ ಮಾಡಿದೆ. ತಿಥಿಗೆ ಏಳು ದಿನ ಉಳಿದಾಗ ಆಯಾ ಮನೆಗೆ ಸಂದೇಶ ತಾನಾಗಿಯೇ ಹೋಗುವಂತೆ ಏರ್ಪಡಿಸಿದೆ.

"ಮಡಿ ಉಡಿಸಿ ಕೂರಿಸಿಬಿಡಿ ಆ ಫೋನನ್ನ, ತರ್ಪಣಾನೂ ಅದೇ ಬಿಡಲಿ" ಎಂದಳು ಹೆಂಡತಿ.

"ನಗಬೇಡ. ಪ್ರತಿಯೊಂದನ್ನೂ ಕೈಯಲ್ಲಿ ತಾಳೆ ನೋಡ್ತಾ ಇದ್ದೀನಿ."

ನೋಡಿದ್ದು ನಿಜ. ಆ ವರ್ಷವೂ 2017ರಲ್ಲೂ ಪ್ರತಿ ಸಂದೇಶವನ್ನು ನನ್ನ ಗಣಿತದೊಡನೆ ಹೋಲಿಸಿದೆ, ಒಂದೂ ತಪ್ಪಿರಲಿಲ್ಲ. 2018ರ ವಸಂತದಲ್ಲಿ ಆ ಪಂಚಾಂಗ ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋಯಿತು. ಅದೇ ರೂಪದ ಮತ್ತೊಂದನ್ನು ಹುಡುಕಿ ಜೋಡಿಸಿದೆ. ಅದು ಬೆಂಗಳೂರಿಗೆ ಗಣಿಸಿದ್ದೆಂದು ತಿಳಿದಿತ್ತು. ಆದರೆ ನನ್ನ ಕ್ಯಾಲೆಂಡರಿನ ಸಮಯ ಟೊರೊಂಟೊದ್ದಾಗಿತ್ತಲ್ಲ, ಅದು ತಾನೇ ಪರಿವರ್ತಿಸಿಕೊಳ್ಳುತ್ತದೆ ಎಂದುಕೊಂಡೆ. ಪರಿವರ್ತನೆಯಾಗುವುದು ಗಂಟೆ ನಿಮಿಷಗಳಿರುವ ನಮೂದು ಮಾತ್ರ. ತಿಥಿಗಳು ಇಡೀ ದಿನದ ನಮೂದುಗಳಾಗಿ ಬರುತ್ತಿದ್ದವು. ಅವಕ್ಕೆ ಗಂಟೆಯೇ ಇಲ್ಲ, ಬೆಂಗಳೂರಿನ ಮಂಗಳವಾರ ಇಲ್ಲಿಯೂ ಮಂಗಳವಾರವಾಗಿಯೇ ಕೂರುತ್ತದೆ. ಇದನ್ನು ಹತ್ತು ನಿಮಿಷದಲ್ಲಿ ಕಂಡುಕೊಳ್ಳಬಹುದಿತ್ತು. ಆ ವೇಳೆಗೆ ತಾಳೆ ನೋಡುವುದನ್ನು ಬಿಟ್ಟಿದ್ದೆ.

ಬರ್ಲಿಂಗ್ಟನ್‌ನಲ್ಲಿ ನನ್ನ ಸ್ನೇಹಿತರೊಬ್ಬರಿದ್ದರು, ಮೈಸೂರಿನವರೇ, ನಿವೃತ್ತ ಇಂಜಿನಿಯರ್. ಮಕ್ಕಳಿಲ್ಲ. 2017ರ ನವೆಂಬರಿನಲ್ಲಿ, ಕಾರ್ತಿಕ ಬಹುಳ ಪಂಚಮಿಯಂದು ಅವರ ಪತ್ನಿ ತೀರಿಕೊಂಡರು. ಮೊದಲ ವರ್ಷದ ಶ್ರಾದ್ಧವನ್ನು ಸರಿಯಾದ ದಿನ, ಸರಿಯಾದ ರೀತಿಯಲ್ಲಿ ಮಾಡಬೇಕೆಂಬುದು ಆ ಒಂದು ವರ್ಷವಿಡೀ ಅವರನ್ನು ಹಿಡಿದು ನಿಲ್ಲಿಸಿದ್ದ ಆಸೆ. "ಬದುಕಿದ್ದಾಗ ಒಂದು ಆನಿವರ್ಸರೀನೂ ನೆನಪಿಟ್ಟುಕೊಂಡವನಲ್ಲ ಸಾರ್ ನಾನು. ಇದೊಂದನ್ನ ತಪ್ಪಿಸಲ್ಲ" ಎಂದಿದ್ದರು. ನನ್ನ ಫೋನಿನಿಂದ ಹೋದ ಸಂದೇಶದ ತಾರೀಖನ್ನಷ್ಟೇ ಅವರು ಪುರೋಹಿತರಿಗೂ ಹೇಳಿದ್ದರು. ನಾನು ಕೊಟ್ಟ ದಿನವನ್ನು ಮತ್ತೊಮ್ಮೆ ನೋಡುವ ಅಭ್ಯಾಸ ನಮ್ಮವರಲ್ಲಿ ಯಾರಿಗೂ ಇರಲಿಲ್ಲ.

ನವೆಂಬರಿನ ಕೊನೆಯ ಮಂಗಳವಾರ ಬೆಳಿಗ್ಗೆ ನಾನೂ ಅವರ ಮನೆಗೆ ಹೋದೆ. ಮೇಜಿನ ಮೇಲೆ ಬಾಳೆಎಲೆಗಳನ್ನು ಒರೆಸಿ ಜೋಡಿಸಿದ್ದರು. ಎಳ್ಳು, ದರ್ಭೆ, ತೊಳೆದ ಹಿತ್ತಾಳೆ ಪಾತ್ರೆಗಳು. ಕರಗಿದ ಹಿಮದ ನೀರನ್ನು ಬಾಗಿಲಲ್ಲೇ ತಡೆಯಲು ಹಳೆಯ ಟವೆಲನ್ನು ಹಾಸಿದ್ದರು. ಪುರೋಹಿತರು ಸಂಕಲ್ಪ ಆರಂಭಿಸಿ, ಮಾಸ, ಪಕ್ಷ ಹೇಳಿ, ತಿಥಿಗೆ ಬಂದಾಗ ಅಭ್ಯಾಸದಂತೆ ತಮ್ಮ ಫೋನಿನ ಪಂಚಾಂಗದತ್ತ ಕಣ್ಣು ಹಾಯಿಸಿ ನಿಂತುಬಿಟ್ಟರು.

"ರಾಯರೇ, ಈಗ ಷಷ್ಠಿ ನಡೀತಿದೆಯಲ್ಲ?"

"ಇಲ್ಲ, ಪಂಚಮಿ" ಎಂದೆ. ಎಷ್ಟು ಖಚಿತವಾಗಿ ಹೇಳಿದೆನೆಂಬುದು ಇಂದಿಗೂ ಚುಚ್ಚುತ್ತದೆ.

ಅವರು ಫೋನನ್ನು ನನ್ನ ಮುಂದೆ ಹಿಡಿದರು. ಪಂಚಮಿ ಊರಿನಲ್ಲಿ ಸೋಮವಾರ ರಾತ್ರಿ ಆರಂಭವಾಗಿ ಮಂಗಳವಾರ ಸಂಜೆಯವರೆಗೆ ಇತ್ತು. ಇಲ್ಲಿನ ಸಮಯಕ್ಕೆ ಅದು ಸೋಮವಾರ ನಡುಹಗಲಿಗೆ ಬಂದು ಮಂಗಳವಾರ ಬೆಳಿಗ್ಗೆಯೇ ಮುಗಿದಿತ್ತು. ಶ್ರಾದ್ಧಕ್ಕೆ ಮಧ್ಯಾಹ್ನದ ಹೊತ್ತಿಗೆ ತಿಥಿ ಇರಬೇಕು. ಆ ಮಧ್ಯಾಹ್ನ ನಿನ್ನೆಯದು.

ಸ್ನೇಹಿತರು ಪವಿತ್ರ ತೊಟ್ಟ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ನಿನ್ನೆ ಮಧ್ಯಾಹ್ನ ನಾನು ಬಾಳೆಎಲೆ ಹುಡುಕ್ಕೊಂಡು ಬ್ರಾಂಪ್ಟನ್‌ಗೆ ಹೋಗಿದ್ದೆ" ಎಂದರು. "ಮನೆಗೆ ಬೀಗ ಹಾಕಿತ್ತು."

ಪವಿತ್ರವನ್ನು ಬೆರಳಿನಿಂದ ಕಳಚಿ ಎಳ್ಳಿನ ಪಕ್ಕದಲ್ಲಿಟ್ಟರು.

"ಅವಳ ಹತ್ರ ಕೀ ಇಲ್ಲ ಸಾರ್."

ಪುರೋಹಿತರು ಮೆಲ್ಲಗೆ, "ತಪ್ಪಿದ್ದಕ್ಕೆ ಶಾಸ್ತ್ರದಲ್ಲಿ ದಾರಿ ಇದೆ, ಅಮಾವಾಸ್ಯೆಗೆ ಮಾಡಬಹುದು, ದೋಷ ಇಲ್ಲ" ಎಂದರು. ನಾನು ಇಡೀ ದಿನದ ನಮೂದು, ಗಂಟೆಯಿಲ್ಲದ್ದು ಎಂದೆಲ್ಲ ಹೇಳಹೊರಟೆ. ಸ್ನೇಹಿತರು ಎಲೆಗಳನ್ನು ಒಂದರ ಮೇಲೊಂದು ಮಡಿಸತೊಡಗಿದರು. ಸೀಳದ ಹಾಗೆ, ಬಹಳ ಜೋಪಾನವಾಗಿ.

ಅಂದು ಮನೆಗೆ ಬಂದು, ವಸಂತದಿಂದೀಚೆಗೆ ಹೋದ ಸಂದೇಶಗಳನ್ನೆಲ್ಲ ಕೈಯಲ್ಲಿ ಗಣಿಸಿ ನೋಡಿದೆ. ಇನ್ನೂ ಎರಡು ಮನೆಗಳಲ್ಲಿ ಶ್ರಾದ್ಧ ಒಂದು ದಿನ ತಡವಾಗಿ ನಡೆದುಹೋಗಿತ್ತು. ಆ ಎರಡು ಮನೆಗಳಿಗೂ ಫೋನು ಮಾಡಿದೆ. ಒಬ್ಬರು ನಕ್ಕು, "ಬಿಡಿ ಸಾರ್, ಇಲ್ಲಿ ಇಷ್ಟಾದರೂ ಆಗುತ್ತಲ್ಲ" ಎಂದರು. ಇನ್ನೊಬ್ಬರು ಫೋನು ಇಟ್ಟುಬಿಟ್ಟರು. ಅದೇ ಹೆಚ್ಚು ನ್ಯಾಯವೆನಿಸಿತು.

ಡಿಸೆಂಬರಿನ ಅಮಾವಾಸ್ಯೆಗೆ ಸ್ನೇಹಿತರು ಕರ್ಮ ಮುಗಿಸಿದರೆಂದು ಪುರೋಹಿತರಿಂದ ತಿಳಿಯಿತು. ನನ್ನನ್ನು ಕರೆದಿರಲಿಲ್ಲ. 2019ರ ಅಕ್ಟೋಬರಿನಲ್ಲಿ, ಎರಡನೆಯ ವರ್ಷದ ತಿಥಿಯನ್ನು ಕೈಯಲ್ಲೇ ಮೂರು ಸಲ ಗಣಿಸಿ, ಎರಡು ಅಚ್ಚಾದ ಪಂಚಾಂಗಗಳೊಡನೆ ಹೋಲಿಸಿ, ಧೈರ್ಯ ತಂದುಕೊಂಡು ಫೋನು ಮಾಡಿದೆ.

ಅವರು ಸಿಟ್ಟಿನಿಂದ ಮಾತಾಡಲಿಲ್ಲ. "ಬೇಡ ಸಾರ್, ತೊಂದರೆ ತಗೋಬೇಡಿ. ಆಸ್ಪತ್ರೆಯವರು ಕೊಟ್ಟ ಸರ್ಟಿಫಿಕೇಟಲ್ಲಿ ಇಂಗ್ಲಿಷ್ ತಾರೀಖು ಇದೆಯಲ್ಲ, ಇನ್ಮೇಲೆ ಆ ದಿನ ದೀಪ ಹಚ್ಚಿಬಿಡ್ತೀನಿ. ಅದನ್ನ ಯಾರೂ ಲೆಕ್ಕ ಹಾಕಬೇಕಾಗಿಲ್ಲ."

"ಆದರೆ ತಿಥಿ..." ಎಂದೆ.

"ಆ ದಿನ ನಾನು ಮನೇಲೇ ಇರ್ತೀನಿ ಸಾರ್. ಅಷ್ಟು ಸಾಕು."

ಕಾಗದದ ಮೇಲೆ ಬರೆದುಕೊಂಡಿದ್ದ ದಿನ ಕಣ್ಣ ಮುಂದೆಯೇ ಇತ್ತು. ಅದು ಸರಿಯಾದ ದಿನ. ಅದನ್ನು ಓದಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನನ್ನ ಹೆಂಡತಿಯ ಮಂಡಿನೋವಿನ ಬಗ್ಗೆ ವಿಚಾರಿಸತೊಡಗಿದ್ದರು.