ಬೂದಿ ಬಳಿದ ಮರಿಗಳು

ಕೊಲ್ಹಾಪುರದಲ್ಲಿ ರೈಲಿನಿಂದ ಇಳಿದಾಗ ಮಳೆ ಹನಿಯುತ್ತಿತ್ತು, ಅಥವಾ ಆಗಷ್ಟೇ ನಿಂತಿತ್ತು. ನನ್ನ ಟಿಪ್ಪಣಿಯಲ್ಲಿ ಎರಡೂ ಇವೆ. ಬಸ್ ಸ್ಟ್ಯಾಂಡಿನ ಎದುರು ಖಾರದ ಮಿಸಳ್ ತಿಂದು, ಕಣ್ಣೀರು ಒರೆಸಿಕೊಂಡು ಇಚಲಕರಂಜಿಯ ಬಸ್ಸು ಹಿಡಿದೆ. ಮೂವತ್ತು ಕಿಲೋಮೀಟರಿನಷ್ಟು ದಾರಿ. ಬಿಸಿ ಚಹಾ ಆರುತ್ತದೆ, ಬೆರೆತದ್ದು ತಾನಾಗಿ ಬೇರೆಯಾಗುವುದಿಲ್ಲ. ಆದರೂ ಜಗತ್ತಿನಲ್ಲಿ ಇಷ್ಟೊಂದು ಕ್ರಮ ಎಲ್ಲಿಂದ ಬರುತ್ತದೆ? ಈ ಪ್ರಶ್ನೆ ಹೊತ್ತು ಮಗ್ಗಗಳ ಊರಿಗೆ ಹೊರಟಿದ್ದೆ.

ಅಲ್ಲಿ ಬಾಳವ್ವ ವಹಿಫಣಿ ಕೆಲಸ ಮಾಡುತ್ತಾರೆ. ಮಗ್ಗಕ್ಕೆ ಏರಿಸುವ ಮುನ್ನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಬಾಚಣಿಗೆಯಂಥ ಫಣಿಯ ಸಂದಿನಲ್ಲಿ ತೂರಿಸುವ ಕೆಲಸ ಅದು.

"ಎರಡು ಎಳೆ ಒಟ್ಟಿಗೆ ಬಂದರೆ?" ಎಂದೆ.

"ಒಂದನ್ನ ಕೂಡ್ರಸಿ ಇನ್ನೊಂದನ್ನ ಕರಿಯೂದ್ರಿ."

ಅಷ್ಟರಲ್ಲಿ ಗಡಹಿಂಗ್ಲಜದ ಹತ್ತಿರ ಹೊಲದಲ್ಲಿ ಕುರಿ ತರುಬಿ ತಂಗಿದ್ದ ಅವರ ತಮ್ಮ ಬೀರಪ್ಪನ ಫೋನು ಬಂತು. ಹಿಂದಿನ ಸಂಜೆ ಅಕಾಲದ ಮಳೆ ಹೊಡೆದಾಗ, ಅವನೂ ಪಕ್ಕದ ಹೊಲದಲ್ಲಿ ತಂಗಿದ್ದ ದಾನೋಳಿಯ ವಿಠ್ಠಲನೂ ತಮ್ಮ ಎಳೆಯ ಮರಿಗಳನ್ನೆಲ್ಲ ಒಂದೇ ಟಾರ್ಪಾಲಿನ ಕೆಳಗೆ ತುರುಕಿದ್ದರು. ಥಂಡಿಯಾಗದಿರಲೆಂದು ಬೀರಪ್ಪ ಎಲ್ಲಕ್ಕೂ ಒಲೆಯ ಬೂದಿ ತಿಕ್ಕಿದ್ದ. ಬೆಳಗಾದಾಗ ಎಲ್ಲದರ ಮೈಯೂ ಒಂದೇ ಬಣ್ಣ, ಒಂದೇ ವಾಸನೆ. ತಾಯಿ ಕುರಿಗಳು ಮೂಸಿ, ಹಾಯ್ದು ದೂಡುತ್ತಿದ್ದವು. ರಾತ್ರಿಯಿಂದ ಮರಿಗಳು ಹಾಲು ಕುಡಿದಿರಲಿಲ್ಲ. ಸಂಜೆ ಐದಕ್ಕೆ ವಿಠ್ಠಲನ ಮರಿಗಳನ್ನು ಮುಂದಿನ ಊರಿಗೆ ಒಯ್ಯಲು ಟೆಂಪೊ ಬರುವುದಿತ್ತು; ದೊಡ್ಡ ಕುರಿಗಳು ಹಿಂದೆ ನಡೆದು ಹೋಗುತ್ತವೆ. ಬೇರೆಯ ತಾಯಿಯ ಜೊತೆ ಹೋದ ಮರಿ ಬದುಕುವುದಿಲ್ಲ.

"ನೀವೂ ಬರ್ರಿ, ಇದು ಪುಸ್ತಕದಾಗ ಸಿಗಾಂಗಿಲ್ಲ" ಎಂದರು ಬಾಳವ್ವ.

ಕಾಗಲದಲ್ಲಿ ಬಸ್ಸು ಬದಲಿಸಿದೆವು. ಹೆಂಗಸರಿಗೆ ಅರ್ಧ ಟಿಕೆಟ್ಟು. "ಸರಕಾರಕ್ಕ ನಾ ಅರ್ಧಾ ಮನಶ್ಯಾಳ್ರಿ, ನೀವು ಪೂರಾ" ಎಂದು ನಕ್ಕರು.

ಹೊಲದಲ್ಲಿ ಬೀರಪ್ಪ, ವಿಠ್ಠಲ ಇಬ್ಬರೂ ಕೂಗಾಡುತ್ತಿದ್ದರು. ಕಪ್ಪು ಮೋರೆಯ ದಷ್ಟಪುಷ್ಟ ಮರಿಯೊಂದನ್ನು ಇಬ್ಬರೂ ತಮ್ಮದೆನ್ನುತ್ತಿದ್ದರು. ಫೋಟೊ ತೆಗೆದು ಹೋಲಿಸಿ ಗುಂಪು ಮಾಡೋಣ ಎಂದು ನಾನು ಬಾಯಿ ಹಾಕಿದೆ.

"ಫೋಟೊದಾಗ ವಾಸ್ನಿ ಬರ್ತೈತೇನ್ರಿ ಸಾಹೇಬ್ರ?" ಎಂದ ವಿಠ್ಠಲ.

ಬಾಳವ್ವ ಸೆರಗು ಸಿಕ್ಕಿಸಿಕೊಂಡರು. "ಬೀರಾ, ವಾಸ್ನಿ ಹೋತು, ದನಿ ಹೋಗೇತೇನು? ಎಲ್ಲಾ ಕೂಡಿ ಒದರಿದ್ರ ಯಾವ ತಾಯಿಗಿ ತಿಳೀತೈತಿ? ಒಂದೊಂದ ಮರಿ ತಗೊಂಡು ದೂರ ನಿಲ್ಲು."

ಬೀರಪ್ಪ ಒಂದು ಮರಿಯನ್ನು ಕಬ್ಬಿನ ಹೊಲದ ಆಚೆ ಒಯ್ದ. ಅದು ಒದರಿತು. ಈಚೆಯ ನೂರಾರು ಕುರಿಗಳಲ್ಲಿ ಒಂದೇ ಒಂದು ತಲೆಯೆತ್ತಿ ಉತ್ತರ ಕೊಟ್ಟು ಓಡಿತು. ಹತ್ತಿರ ಹೋಗಿ ಮೂಸಿ ಹಿಂದೆಗೆದಾಗ ಬಾಳವ್ವ ಅದರ ಕುತ್ತಿಗೆ ಹಿಡಿದು ಮರಿಯ ಬಾಯಿಗೆ ಕುರಿಯ ಮೊಲೆ ಇಟ್ಟರು. ಹಾಲು ಇಳಿಯಿತು, ಕುರಿ ಸುಮ್ಮನೆ ನಿಂತಿತು. ತಾಯಿಯ ಕಿವಿಗೆ ಒಡೆಯ ಹಾಕಿದ ಕತ್ತರಿ ಗುರುತು ನೋಡಿದರೆ ಮರಿ ಯಾರದೆಂದು ತಿಳಿಯುತ್ತಿತ್ತು.

ಹತ್ತೊಂಬತ್ತು ಮರಿ ಎಂದು ಟಿಪ್ಪಣಿ ಹೇಳುತ್ತದೆ; ನೆನಪು ಇನ್ನೂ ಹೆಚ್ಚೆನ್ನುತ್ತದೆ. ಎರಡನ್ನೂ ನಾನು ನಂಬುವುದಿಲ್ಲ. ನೋಡಿದ್ದು ಇಷ್ಟು: ಇಡೀ ಲೆಕ್ಕ ಯಾರಿಗೂ ಗೊತ್ತಿರಲಿಲ್ಲ. ಒಂದೊಂದು ಕುರಿಗೆ ಒಂದೇ ಒಂದು ದನಿ ಗೊತ್ತಿತ್ತು. ಅದೂ ಪುಕ್ಕಟೆಯಲ್ಲ, ಓಡಿ ಓಡಿ ಏದುತ್ತಿದ್ದ ಅವುಗಳ ಒದ್ದೆ ಉಣ್ಣೆಯಿಂದ ಹಬೆ ಏಳುತ್ತಿತ್ತು.

ಕೊನೆಗೆ ಕಪ್ಪು ಮೋರೆಯದು ಉಳಿಯಿತು. ಒದರಿತು. ಯಾವುದೂ ತಲೆಯೆತ್ತಲಿಲ್ಲ. ದಾರಿಯಲ್ಲಿ ಟೆಂಪೊ ಹಾರ್ನ್ ಹೊಡೆಯಿತು. ಮರಿಯ ದನಿ ಬತ್ತಿಹೋಗಿದೆ ಎಂದುಕೊಂಡೆ. ಬಾಳವ್ವ ಬೆರಳಿನಿಂದ ಅದರ ಬಾಯಿಗೆ ನೀರು ಹಚ್ಚಿದರು. ಮತ್ತೆ ಒದರಿತು. ಆಗಲೇ ರಸ್ತೆ ಹತ್ತಿದ್ದ ವಿಠ್ಠಲನ ಹಿಂಡಿನೊಳಗಿಂದ ಒಂದು ಕುರಿ ತಿರುಗಿ, ಒದರುತ್ತ ಓಡಿ ಬಂತು.

ಬೀರಪ್ಪ ಹಾಲು ಕುಡಿಯುವ ಮರಿಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಾನೇ ಎತ್ತಿ ಟೆಂಪೊದೊಳಗೆ ಇಟ್ಟ.

"ಹಿಡೀಪಾ ವಿಠ್ಠಲಾ, ನಿಂದ ಐತಿ. ತಾಯಿನ ಹೇಳ್ಯಾಳ. ನಾ ಏನ್ ಹೇಳ್ಲಿ?"

"ಬರೂ ವರ್ಷ ಇಲ್ಲೇ ಬರ್ತೀನಿ. ಬೂದಿ ಮಾತ್ರ ಹಚ್ಚಬ್ಯಾಡೋ ಮಾರಾಯಾ!"

ಟೆಂಪೊ ಹೊರಟಿತು. ಹಲಗೆಯ ಸಂದಿಯಿಂದ ಕಪ್ಪು ಮೋರೆ ಕಾಣುತ್ತಿತ್ತು, ಒದರುತ್ತಿತ್ತು. ಹಿಂದೆ ರಸ್ತೆಯ ಅಂಚಿನಲ್ಲಿ ಅದರ ತಾಯಿ, ಪ್ರತಿ ಕೂಗಿಗೂ ಉತ್ತರ ಕೊಡುತ್ತ, ಹಿಂಡಿಗಿಂತ ಮುಂದೆ ನಡೆಯುತ್ತಿತ್ತು.