ಮೆಣಸಿನಕಾಯಿಯೊಳಗೆ ಹಾರಿದ ಬ್ರೇಕ್ ಸ್ಪ್ರಿಂಗ್

ಜನವರಿಯ ಆ ಶನಿವಾರ ಅಕ್ಕನ ಕುಬಸವಿತ್ತು. ಏಳು ತಿಂಗಳ ಬಸುರಿಗೆ ಹಸಿರು ಬಳೆ ತೊಡಿಸುವ ಕಾರ್ಯ, ಶಲವಡಿಯಲ್ಲಿ ಅವಳ ಗಂಡನ ಮನೆಯಲ್ಲಿ. ಬುತ್ತಿಯ ಬುಟ್ಟಿಗಳೊಂದಿಗೆ ಅಪ್ಪ ಬೆಳಿಗ್ಗೆಯೇ ಹೋಗಿದ್ದ. ಅಣ್ಣಿಗೇರಿಯಲ್ಲಿ ಉಳಿದವರು ಅವ್ವ, ಕಾಕಾ, ನಾನು ಮತ್ತು ನಾವು ಆಯಿ ಎಂದು ಕರೆಯುವ ಅಜ್ಜಿ. ಆಯಿಯ ಮೊಳಕಾಲು ಬಸ್ಸಿನ ಮೆಟ್ಟಿಲಿಗೂ ಜೀಪಿನ ಎತ್ತರಕ್ಕೂ ಒಪ್ಪುವುದಿಲ್ಲ. ಅವಳು ಆರಾಮಾಗಿ ಕೂರುವುದು ನಮ್ಮ ಹಳೆಯ ಅಂಬಾಸಿಡರಿನಲ್ಲಿ ಮಾತ್ರ. ಅದರ ಹಿಂದಿನ ಒಂದು ಗಾಲಿ ಬಿಚ್ಚಿ ಅಂಗಳದಲ್ಲಿ ಬಿದ್ದಿತ್ತು.

ಕಾಕಾ, ನಾನು ಸೇರಿ ಬ್ರೇಕಿಗೆ ಹೊಸ ಶೂ ಹಾಕಿದ್ದೆವು. ಅರ್ಧಚಂದ್ರದಂಥ ಆ ಎರಡು ಶೂಗಳನ್ನು ಒಂದರ ಕಡೆಗೊಂದು ಎಳೆದು ಹಿಡಿಯುವ ಸ್ಪ್ರಿಂಗುಗಳನ್ನು ಕೂರಿಸುವುದಷ್ಟೇ ಬಾಕಿ. ಕೆಲಸದ ಕ್ರಮವನ್ನು ಹಿಂದಿನ ದಿನವೇ ಡೈರಿಯಲ್ಲಿ ಬರೆದಿಟ್ಟಿದ್ದೆ: ಮೊದಲು ಶೂ, ಆಮೇಲೆ ಸ್ಪ್ರಿಂಗ್. ಅಂಗಳದ ಕಪ್ಪು ಎರೆಮಣ್ಣಿನಲ್ಲಿ ಬಿದ್ದರೂ ಕಾಣಲಿ ಎಂದು ಸ್ಪ್ರಿಂಗುಗಳಿಗೆ ಕೆಂಪು ಬಣ್ಣ ಹಚ್ಚಿದ್ದೆ.

ಕೆಳಗಿನದು ಹೇಗೋ ಕೂತಿತು. ಮೇಲಿನದರ ಒಂದು ಕೊಕ್ಕೆ ಸಿಕ್ಕಿಸಿ ಇನ್ನೊಂದನ್ನು ಸ್ಕ್ರೂಡ್ರೈವರಿನಿಂದ ಜಗ್ಗುವಾಗ ಸ್ಪ್ರಿಂಗ್ ಜಾರಿತು. ಕಾಕಾನ ತಲೆಯ ಮೇಲಿಂದ ಹಾರಿ, ಅಂಗಳದ ತುಂಬ ಒಣಹಾಕಿದ್ದ ಕೆಂಪು ಮೆಣಸಿನಕಾಯಿಯಲ್ಲಿ ಮಾಯವಾಯಿತು.

ಹೊಸ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದ ಆಯಿ ಕೇಳಿದಳು, "ಬಣ್ಣಾ ಹಚ್ಚಿದ ಶಾಣ್ಯಾ ಯಾರಲೇ?"

"ನಿನ್ನ ಮೊಮ್ಮಗನ ಬೇ, ಮತ್ಯಾರು," ಎಂದ ಕಾಕಾ, ಮೆಣಸಿನಕಾಯಿಯಲ್ಲಿ ಕೈಯಾಡಿಸುತ್ತ ಸೀನಿದ.

"ಕೈ ಹಾಕಬ್ಯಾಡ್ರಿ, ಕಣ್ಣಿಗೆ ಹತ್ತತೈತಿ," ಎಂದು ಅವ್ವ ಹೇಳುವಷ್ಟರಲ್ಲಿ ಅವನು ಕಣ್ಣು ಉಜ್ಜಿಕೊಂಡಾಗಿತ್ತು.

ಅವ್ವ ಮೊರ ತಂದಳು. ಕಾಯಿ ತುಂಬಿ ತುಂಬಿ ಕೇರಿದಳು. ಕಾಕಾ ಹದಿನೇಳು ಸಲ ಸೀನಿದ, ನಾನು ಒಂಬತ್ತು ಸಲ. ಕೊನೆಗೂ ಮೊರದ ತಳದಲ್ಲಿ ಸ್ಪ್ರಿಂಗ್ ಉಳಿಯಿತು.

ಅಷ್ಟರಲ್ಲಿ ಅಪ್ಪನ ಫೋನು: ಬಳೆಗಾರ ಬಂದಿದ್ದಾನೆ, ಹೆಂಗಸರು ನೆರೆದಿದ್ದಾರೆ, ಎಷ್ಟು ಹೊತ್ತು ಕಾಯುವುದು? ಆಯಿ ಫೋನು ಕಸಿದುಕೊಂಡಳು. "ನಾ ಬರೂತನಕಾ ಒಂದ ಬಳಿನೂ ಏರಸಬ್ಯಾಡ್ರಿ. ಬಳಿಗಾರಗ ಚಾ ಕೊಟ್ಟ ಕೂಡಸು."

ಖಾರದಿಂದ ಕಾಕಾನ ಕಣ್ಣು ಮಂಜಾಗಿದ್ದವು. ಕೊಕ್ಕೆ ಸಿಕ್ಕಿಸುವ ತೂತು ಕಾಣದೆ, ಕೂರಿಸಿದ್ದ ಶೂಗಳನ್ನೇ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ. ಎರಡನ್ನೂ ಒಂದಕ್ಕೊಂದು ಒರಗಿಸಿದ ಕೂಡಲೇ, ಅಷ್ಟು ಹೊತ್ತು ಕಾಡಿದ ಕೊಕ್ಕೆ ಜಗ್ಗದೆಯೇ ತೂತಿಗೆ ಇಳಿಯಿತು. ನನ್ನ ಮುಖ ನೋಡಿದ.

"ನಿನ್ನ ಡೈರಿ ಬಾಜುಕ ಇಡು. ಸ್ಪ್ರಿಂಗ್ ಮದಲ, ಶೂ ಆಮ್ಯಾಲೆ."

ಎರಡೂ ಸ್ಪ್ರಿಂಗ್ ಸಿಕ್ಕಿಸಿ, ಜೋಡಿಯನ್ನು ಅರ್ಧ ಮುಚ್ಚಿದ ಪುಸ್ತಕದಂತೆ ಎತ್ತಿಕೊಂಡೆವು. ಒಂದು ಶೂ ಅದರ ಜಾಗದಲ್ಲಿ ಕೂತಿತು. ಇನ್ನೊಂದರ ಮೇಲೆ ನನ್ನ ಹೆಬ್ಬೆರಳುಗಳು.

"ಒತ್ತಲೇ."

"ಒತ್ತಾಕತ್ತೀನಿ."

"ಉಂಡಿಲ್ಲೇನ?"

ಟಕ್ ಎಂದಿತು. ಇಬ್ಬರೂ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.

ಗಾಲಿ ಏರಿಸಿ ಕಾಕಾ ಓಣಿಯ ತುದಿಯವರೆಗೆ ಓಡಿಸಿ ಬ್ರೇಕ್ ಒತ್ತಿದ. ಕಾರು ನಿಂತಿತು. "ನಿಂತದ್ದು ಸಾಕು, ಹೋಗೂಣು ನಡೀರಿ," ಎಂದಳು ಬಾಗಿಲಲ್ಲಿ ನಿಂತಿದ್ದ ಆಯಿ.

ಶಲವಡಿ ತಲುಪಿದಾಗ ಅಕ್ಕನಿಗೆ ಒಂದು ಹಸಿರು ಬಳೆಯೂ ಏರಿರಲಿಲ್ಲ. ಆಯಿ ಅವಳ ಬಾಜು ಕೂತು, ಶುರು ಮಾಡಿ ಎಂದು ಕೈಸನ್ನೆ ಮಾಡಿದಳು. ತಡವೇಕೆ ಎಂದು ಯಾರೋ ಕೇಳಿದರು.

"ಸ್ಪ್ರಿಂಗ್ ಹಾಕೂದು ಸಸಾರ ಅಲ್ರಿ. ಮದಲ ಎರಡೂ ತೊಡಿಮ್ಯಾಲೆ ಇಟಗೋಬೇಕು..." ಆಯಿ ಎರಡೂ ಅಂಗೈ ಮಡಚಿ ತೋರಿಸತೊಡಗಿದಳು. ಬಳೆಗಾರ ಮೊದಲ ಬಳೆಯನ್ನು ಅಕ್ಕನ ಬೆರಳುಗಳಲ್ಲೇ ಬಿಟ್ಟು ಕೇಳುತ್ತ ಕೂತ.