ಹಂಡೆ ಒಲೆಗೆ ಹಾಕಿದ ಇಲಿ

ಮುನಿಯಪ್ಪನವರೇ, ನಿಮ್ಮ ಚಿನ್ನಪ್ಪ ಸತ್ತದ್ದು ಬ್ರದರ್ ಲೂಯಿಯವರ ಅಲಕ್ಷ್ಯದಿಂದಲ್ಲ. ನನ್ನಿಂದ. ಮಿಷನ್ ಶಾಲೆಯ ಕನ್ನಡ ಪಂಡಿತನಾದ ನನ್ನಿಂದ — ನಿಮ್ಮ ಮಗನಿಗೆ ಕಾಗುಣಿತ ತಿದ್ದಿಸಿದವನಿಂದ.

ಈಗ ಶಾಲೆಯ ಚರಿತ್ರೆ ಬರೆದುಕೊಡಿ ಎಂದು ಶಾಲೆಯವರು ನನಗೇ ಹೇಳಿದ್ದಾರೆ. ಕೋಲಾರಕ್ಕೆ ಬಂದ ಮೊದಲ ಬ್ರದರುಗಳು, ಕಟ್ಟಡಕ್ಕೆ ಕಲ್ಲು ಹೊತ್ತ ಜನ, ಎಲ್ಲ ಬರೆದೆ. ಪ್ಲೇಗಿನ ವರ್ಷಕ್ಕೆ ಬಂದಾಗ ಕೈ ನಿಂತುಹೋಯಿತು.

ಯುದ್ಧಕ್ಕೆ ಮುಂಚಿನ ಮಾತು. ಇಲಿ ಸತ್ತು ಬಿತ್ತೆಂದರೆ ಪ್ಲೇಗು ಬಂತೆಂದೇ ಲೆಕ್ಕ, ಎಲ್ಲರೂ ಊರು ಬಿಟ್ಟು ಬಯಲಿನ ಗುಡಿಸಲಿಗೆ ಹೋಗಬೇಕು — ನಿಮಗೆ ಗೊತ್ತಿದ್ದದ್ದೇ. ಹಿಂದೊಮ್ಮೆ ಹಾಗೆ ಹೋಗಿ, ಆ ಚಳಿಯಲ್ಲಿ ನನ್ನ ಹಸುಗೂಸು ತೀರಿಕೊಂಡಿತ್ತು. ಈ ಸಲ ನನ್ನವಳು ಮತ್ತೆ ಹಸಿ ಬಾಣಂತಿ. ಶಾಲೆಯ ಹಿಂದಿನ ಕೋಣೆಯಲ್ಲೇ ನಮ್ಮ ವಾಸ. ಒಂದು ಬೆಳಗ್ಗೆ, ಹುಡುಗರು ಮಲಗುವ ದೊಡ್ಡ ಕೋಣೆಯ ಪಕ್ಕದ ಉಗ್ರಾಣದಲ್ಲಿ ಇಲಿ ಸತ್ತು ಬಿದ್ದಿತ್ತು. ಇಕ್ಕಳದಲ್ಲಿ ಹಿಡಿದು ಹಂಡೆ ಒಲೆಗೆ ಹಾಕಿದೆ. ಆಮೇಲೆ ಇನ್ನೊಂದು... ಅದನ್ನೂ.

ಬ್ರದರ್ ಲೂಯಿ ಪರದೇಶದವರು, ಶಾಲೆಯ ಮುಖ್ಯಸ್ಥರಾಗಿ ಹೊಸದಾಗಿ ಬಂದಿದ್ದರು. ಕನ್ನಡ ಬಾರದು, ಊರಿನ ಸಮಾಚಾರವೆಲ್ಲ ನನ್ನ ಬಾಯಿಂದಲೇ ತಿಳಿಯಬೇಕು. ಪೇಟೆಯಲ್ಲಿ ಇಲಿ ಬೀಳುತ್ತಿವೆಯಂತೆ, ನಮ್ಮಲ್ಲೇನಾದರೂ ಬಿದ್ದಿವೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇಲ್ಲ ಎಂದೆ. ನನ್ನ ನಾಲಿಗೆ ಸೇದಿಹೋಗಲಿಲ್ಲ.

ಉಗ್ರಾಣದ ಗೋಡೆಗೆ ತಲೆಯಿಟ್ಟು ಮಲಗುತ್ತಿದ್ದವನು ಚಿನ್ನಪ್ಪ. ಜ್ವರ, ಕಂಕುಳಲ್ಲಿ ಗಡ್ಡೆ. ಬ್ರದರ್ ಅವನ ಪಕ್ಕ ಬಿಟ್ಟು ಏಳಲಿಲ್ಲ. ನಾನು ಒಳಗೆ ಕಾಲಿಡಲು ಹೆದರಿ ಬಾಗಿಲಲ್ಲೇ ನಿಂತಿದ್ದೆ. "ಮೇಷ್ಟ್ರೇ, ನಮ್ ನಾಯನ್ನ ಕರ್ಸಿ" ಎಂದ. ತನ್ನ ಅಪ್ಪನನ್ನು, ನಿಮ್ಮನ್ನೇ ಕೇಳುತ್ತಿದ್ದ.

ನೀವು ಗೌನಿಪಲ್ಲಿಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಇಲಿ ಬಿದ್ದಿದ್ದು ಈ ದೊರೆಗೆ ಕಾಣ್ಲಿಲ್ವಾ? ಕೇಳಿ ಮೇಷ್ಟ್ರೇ, ಕೇಳಿ!" ಎಂದು ನನ್ನ ತೋಳು ಹಿಡಿದು ಅಲುಗಾಡಿಸಿದಿರಿ. ಕೇಳಿದೆ. ಬ್ರದರ್ ತಲೆ ತಗ್ಗಿಸಿ, "ಮಕ್ಕಳು ನನ್ನ ವಶದಲ್ಲಿದ್ದರು, ನಾನೇ ನೋಡಬೇಕಿತ್ತು, ತಪ್ಪು ನನ್ನದು — ಹಾಗೆಂದು ಅವರಿಗೆ ಹೇಳಿ" ಎಂದರು. ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ನೀವು ಅವರ ಮುಖಕ್ಕೆ ಉಗಿದಿರಿ. ನಾನು ಪಕ್ಕದಲ್ಲೇ ನಿಂತು — ಥೂ, ನನ್ನ ಜನ್ಮಕ್ಕಿಷ್ಟು!

ಮೇಲಿನವರು ಅವರನ್ನು ದೂರ ಎಲ್ಲಿಗೋ ವರ್ಗ ಮಾಡಿದರು. ಹೊರಡುವ ದಿನ ನಮ್ಮ ಕೋಣೆಗೆ ಬಂದು ಮಗುವಿನ ತಲೆ ಸವರಿ, ಬಾಣಂತಿಗೆಂದು ತಮ್ಮ ಕಂಬಳಿ ಕೊಟ್ಟುಹೋದರು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಅವರು ತೀರಿಕೊಂಡ ಸುದ್ದಿ ಮೊನ್ನೆ ಬಂತು.

ನನ್ನ ಮಗಳು ಬದುಕಿದ್ದಾಳೆ, ಶಾಲೆಗೆ ಹೋಗುತ್ತಿದ್ದಾಳೆ. ಅದನ್ನು ನಿಮ್ಮ ಮುಂದೆ ನೆಪವಾಗಿ ಇಡಲಾರೆ — ನಿಮಗೂ ಇದ್ದದ್ದು ಒಬ್ಬನೇ. ಚರಿತ್ರೆಯಲ್ಲಿ ಇದನ್ನೂ ಬರೆಯುತ್ತೇನೆ. ಶಾಲೆಯವರು ಅಚ್ಚು ಹಾಕಿಸಲಿ, ಬಿಡಲಿ. ಅದಕ್ಕೂ ಮೊದಲು, ಈ ಭಾನುವಾರ ಗೌನಿಪಲ್ಲಿಗೆ ಬರುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಬೀದಿಯಲ್ಲೇ ನಿಂತು, ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತೇನೆ.